ಪರ್ಸಿಮನ್ ತಿನ್ನೋದು ಹೇಗೆ: ಒಗರು ಹೋಗ್ಸೋದ್ರಿಂದ ಹಿಡಿದು ದಿನಕ್ಕೆ ಎಷ್ಟು ಅನ್ನೋವರೆಗೂ

ಮೊದಲ ಸಲ ಪರ್ಸಿಮನ್ ಕೈಗೆ ಸಿಕ್ಕಿದಾಗ ನಾನು ಮಾಡಿದ್ದು ಶುದ್ಧ ದಡ್ಡತನ. ಕಡು ಕಿತ್ತಳೆ ಬಣ್ಣ, ತುದಿ ಸ್ವಲ್ಪ ಚೂಪು, ಮುಟ್ಟಿದ್ರೆ ಗಟ್ಟಿ, ಬಣ್ಣ ಬಂದಿದೆ ಅಂದ್ರೆ ಹಣ್ಣಾಗಿದೆ ಅಂದ್ಕೊಂಡು ತೊಳೆದು ಸೇಬು ಕಚ್ಚಿದ ಹಾಗೆ ಕಚ್ಚೇಬಿಟ್ಟೆ. ಒಂದೆರಡು ಸೆಕೆಂಡ್ ಸಿಹಿ ಅನ್ನಿಸ್ತು, ಆಮೇಲೆ ನೋಡಿ, ನಾಲಿಗೆ ದಪ್ಪ ಆಗಿ, ಕೆನ್ನೆ ಒಳಗೆಲ್ಲ ಒಣಗಿ, ಎರಡು ಲೋಟ ನೀರು ಕುಡಿದ್ರೂ ಹೋಗ್ತಿಲ್ಲ. ಉಳಿದ ಮೂರು ಹಣ್ಣನ್ನ ಸಿಟ್ಟಿಗೆ ಕಸದ ಬುಟ್ಟಿಗೆ ಹಾಕ್ದೆ. ಅವು ಹಾಳಾಗಿರ್ಲೇ ಇಲ್ಲ, ಇನ್ನೊಂದು ವಾರ ಸುಮ್ನೆ ಇಟ್ಟಿದ್ರೆ ಚಮಚದಲ್ಲಿ ತಿನ್ನೋ ಹಾಗೆ ಕಳೀತಿದ್ವು ಅಂತ ಗೊತ್ತಾಗಿದ್ದು ಎಷ್ಟೋ ದಿನ ಆದ್ಮೇಲೆ.

ಈ ಹಣ್ಣಿನ ಇಡೀ ಕಥೆ ಆ ಒಗರಲ್ಲೇ ಇದೆ. ರುಚಿ ಕೆಡೋದೂ ಅದರಿಂದ, ಹೊಟ್ಟೆಗೆ ತೊಂದ್ರೆ ಆದ್ರೆ ಅದೂ ಅದರಿಂದ, ಕೊಲೆಸ್ಟ್ರಾಲ್‌ಗೆ ಒಳ್ಳೇದು ಅಂತೆಲ್ಲ ಓದ್ತೀರಲ್ಲ ಅದರಲ್ಲಿ ಒಂದಷ್ಟು ಭಾಗಾನೂ ಅದೇ ಒಗರಿನದ್ದೇ. ಅದಕ್ಕೆ ಪೌಷ್ಟಿಕಾಂಶದ ಪಟ್ಟಿ ಆಮೇಲೆ ನೋಡೋಣ, ಮೊದಲು ಒಗರು ಏನು ಅಂತ ತಿಳ್ಕೊಳ್ಳಿ.

ಯಾವ ಜಾತಿ ಅಂತ ಆಕಾರ ನೋಡಿ

ಸಾಮಾನ್ಯವಾಗಿ ಸಿಗೋದು ಡಯೋಸ್ಪೈರೋಸ್ ಕಾಕಿ ಅನ್ನೋ ಜಾತಿ, ಮೂಲ ಚೀನಾ, ಇವತ್ತಿಗೂ ಜಗತ್ತಲ್ಲಿ ಅತಿ ಹೆಚ್ಚು ಬೆಳೆಯೋದೂ ಚೀನಾನೇ. ಜಪಾನಲ್ಲಿ ಇದಕ್ಕೆ ಕಾಕಿ ಅಂತಾನೇ ಹೆಸರು, ಪರ್ಸಿಮನ್ ಅನ್ನೋ ಪದ ಮಾತ್ರ ಉತ್ತರ ಅಮೆರಿಕದ ಮೂಲನಿವಾಸಿಗಳ ಭಾಷೆಯಿಂದ ಬಂದಿದ್ದು, ಅಲ್ಲಿ ಬೇರೆಯದೇ ಒಂದು ಕಾಡು ಪರ್ಸಿಮನ್ ಇದೆ, ಗಾತ್ರದಲ್ಲಿ ಸಣ್ಣದು.

ಅಂಗಡಿಯಲ್ಲಿ ನೀವು ನೋಡ್ಬೇಕಿರೋದು ಒಂದೇ. ಹಣ್ಣು ಚಪ್ಪಟೆಯಾಗಿ ಟೊಮ್ಯಾಟೋ ಥರ ಕೂತಿದ್ಯಾ, ಇಲ್ಲ ಉದ್ದಕ್ಕೆ ಹೃದಯದ ಆಕಾರದಲ್ಲಿ ತುದಿ ಚೂಪಾಗಿದ್ಯಾ? ಚಪ್ಪಟೆ ಇರೋದು ಬಹುಪಾಲು ಫುಯು, ಇದು ಒಗರಿಲ್ಲದ ಜಾತಿ, ಗಟ್ಟಿ ಇದ್ದಾಗ್ಲೇ ಹೆಚ್ಚಿ ಕರಕರ ಅಂತ ತಿನ್ಬಹುದು. ಚೂಪು ಇರೋದು ಹಚಿಯಾ, ಒಗರಿನ ಜಾತಿ, ಅದು ಪೂರ್ತಿ ಕಳೀದೆ ಬಾಯಿಗೆ ಇಡೋ ಹಾಗಿಲ್ಲ. ನಾನು ಕಚ್ಚಿದ್ದು ಇದನ್ನೇ.

ಆದ್ರೆ ಆಕಾರವನ್ನ ಕಣ್ಣು ಮುಚ್ಚಿ ನಂಬ್ಬೇಡಿ. ಇಸ್ರೇಲ್‌ನ ಶ್ಯಾರನ್ ಫ್ರೂಟ್ ಅಂತ ಬರೋದು ಟ್ರಯಂಫ್ ಅನ್ನೋ ಜಾತಿ, ಸ್ಪೇನ್‌ದು ರೋಹೋ ಬ್ರಿಯಾಂತೆ ಅಂತ, ಇವೆರಡೂ ಮೂಲದಲ್ಲಿ ಒಗರಿನವೇ, ಕಿತ್ತ ಮೇಲೆ ಕಾರ್ಬನ್ ಡೈ ಆಕ್ಸೈಡ್ ತುಂಬಿದ ಕೋಣೆಯಲ್ಲಿಟ್ಟು ಒಗರು ತೆಗೆದು ಮಾರ್ತಾರೆ, ಹಂಗಾಗಿ ಗಟ್ಟಿ ಇದ್ರೂ ಸಿಹಿ. ಇನ್ನೂ ಕೆಲವು ಜಾತಿ ಇವೆ, ಒಳಗೆ ಬೀಜ ಕಟ್ಟಿದ್ರೆ ತಿರುಳು ಕಂದು ಬಣ್ಣಕ್ಕೆ ತಿರುಗಿ ಒಗರು ಹೋಗುತ್ತೆ, ಬೀಜ ಇಲ್ಲ ಅಂದ್ರೆ ಒಗರು ಹಾಗೇ ಉಳಿಯುತ್ತೆ, ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಅನುಮಾನ ಬಂದ್ರೆ ಉಗುರಷ್ಟು ಚೂರು ಕೊಯ್ದು ನಾಲಿಗೆ ತುದಿಗೆ ಇಟ್ಟು ನೋಡಿ, ಐದು ಸೆಕೆಂಡಲ್ಲಿ ಉತ್ತರ ಸಿಗುತ್ತೆ.

ಆರಿಸುವಾಗ ತೊಟ್ಟಿನ ಹತ್ರ ನಾಲ್ಕು ಎಲೆ ಇರುತ್ತಲ್ಲ, ಅದು ಹಣ್ಣಿಗೆ ಬಿಗಿಯಾಗಿ ಅಂಟಿರ್ಬೇಕು. ಸಿಪ್ಪೆ ಮೇಲೆ ಕಪ್ಪು ಗೀಟು, ಚುಕ್ಕೆ ಇದ್ರೆ ಪರ್ವಾಗಿಲ್ಲ, ಸೀಳು ಇದ್ರೆ ಬೇಡ. ಕೊಯ್ದಾಗ ತಿರುಳಲ್ಲಿ ಸಣ್ಣ ಕಂದು ಚುಕ್ಕೆ ಕಂಡ್ರೆ ಹುಳ ಅಂತ ಬಿಸಾಕ್ಬೇಡಿ, ಅದು ಗಟ್ಟಿ ಕಟ್ಟಿದ ಟ್ಯಾನಿನ್, ಅಂದ್ರೆ ಒಗರು ಕೊಡೋ ವಸ್ತು, ಅಂಥ ಹಣ್ಣು ಸಿಹಿಯಾಗೇ ಇರುತ್ತೆ.

ಒಗರು ಅಂದ್ರೆ ಏನು, ಅದು ಹೋಗೋದು ಹೇಗೆ

ಟ್ಯಾನಿನ್ ಅನ್ನೋ ವಸ್ತು ಇದು, ಚಹಾದಲ್ಲೂ ಇರುತ್ತೆ. ಒಗರಿನ ಪರ್ಸಿಮನ್‌ನಲ್ಲಿ ಇದು ನೀರಲ್ಲಿ ಕರಗೋ ರೂಪದಲ್ಲಿ ತುಂಬಾ ಇರುತ್ತೆ, ಕಚ್ಚಿದ ತಕ್ಷಣ ಎಂಜಲಿನಲ್ಲಿರೋ ಪ್ರೋಟೀನಿಗೆ ಅಂಟ್ಕೊಂಡು ಗಟ್ಟಿ ಮಾಡುತ್ತೆ, ಎಂಜಲಿನ ಜಾರಿಕೆ ಹೋಗಿ ಬಾಯಿ ಒಣಗಿದ ಹಾಗೆ ಅನ್ನಿಸುತ್ತೆ. ಹಣ್ಣು ಕಳೀತಾ ಹೋದ ಹಾಗೆ, ಅಥವಾ ಅದಕ್ಕೆ ಉಸಿರಾಡೋಕೆ ಆಕ್ಸಿಜನ್ ಸಿಗದ ಹಾಗೆ ಮಾಡಿದ್ರೆ, ಒಳಗೆ ಅಸಿಟಾಲ್ಡಿಹೈಡ್ ಅಂತ ಒಂದು ಉತ್ಪತ್ತಿ ಆಗುತ್ತೆ, ಅದು ಟ್ಯಾನಿನ್‌ಗಳನ್ನ ಒಂದಕ್ಕೊಂದು ಕಟ್ಟಿ ಕರಗದ ಹಾಗೆ ಮಾಡುತ್ತೆ. ಟ್ಯಾನಿನ್ ಎಲ್ಲೂ ಹೋಗಿರಲ್ಲ, ಹಣ್ಣಲ್ಲೇ ಇರುತ್ತೆ, ಕರಗಲ್ಲ ಅಷ್ಟೇ, ಕರಗದೇ ಇದ್ದಾಗ ನಾಲಿಗೆಗೆ ಗೊತ್ತೇ ಆಗಲ್ಲ.

ಇದು ಅರ್ಥ ಆದ್ರೆ ಮನೆಯಲ್ಲಿ ಒಗರು ತೆಗೆಯೋ ದಾರಿಗಳೆಲ್ಲ ತಾನಾಗೇ ಅರ್ಥ ಆಗುತ್ತೆ.

ಸುಲಭದ್ದು ಕಾಯೋದು. ಹಣ್ಣನ್ನ ಪೇಪರ್ ಕವರಲ್ಲೋ ಮುಚ್ಚಳ ಇರೋ ಡಬ್ಬದಲ್ಲೋ ಹಾಕಿ ಜೊತೆಗೆ ಒಂದು ಸೇಬು ಅಥವಾ ಬಾಳೆಹಣ್ಣು ಇಡಿ, ಅವು ಬಿಡೋ ಎಥಿಲೀನ್ ಗಾಳಿಗೆ ಇದು ಬೇಗ ಕಳಿಯುತ್ತೆ. ಎಷ್ಟು ದಿನ ಅಂತ ಕೇಳಿದ್ರೆ ನಾಲ್ಕು ದಿನಾನೂ ಆಗ್ಬಹುದು ಎರಡು ವಾರಾನೂ ಆಗ್ಬಹುದು, ಕಾಯಿ ಎಷ್ಟು ಬಲಿತಿತ್ತು, ರೂಮು ಎಷ್ಟು ಬೆಚ್ಚಗಿದೆ ಅನ್ನೋದ್ರ ಮೇಲೆ ಹೋಗುತ್ತೆ. ಸಿಪ್ಪೆ ತೆಳ್ಳಗಾಗಿ ಒಳಗಿನ ತಿರುಳು ಹೊಳೆದು ಕಾಣೋ ಹಾಗಾಗ್ಬೇಕು, ಕೈಯಲ್ಲಿ ಹಿಡಿದ್ರೆ ನೀರು ತುಂಬಿದ ಬಲೂನ್ ಹಿಡಿದ ಹಾಗಿರ್ಬೇಕು. ನಿಮಗೆ ಇದು ಕೊಳೆತೋಯ್ತೇನೋ ಅಂತ ಅನುಮಾನ ಬರುತ್ತಲ್ಲ, ಆವತ್ತೇ ತಿನ್ನೋ ದಿನ. ದೋರಗಾಯಿ ಆಗಿದ್ದಾಗ ಆಸೆಪಟ್ಟು ಕೊಯ್ದ್ರೆ ಮತ್ತೆ ನನ್ನ ಕಥೇನೇ.

ಎರಡನೇದು ಫ್ರೀಜರ್. ಇಡೀ ಹಣ್ಣನ್ನ ಕವರಲ್ಲಿ ಸುತ್ತಿ ಒಂದು ದಿನ ಪೂರ್ತಿ ಫ್ರೀಜರಲ್ಲಿಟ್ಟು ಆಮೇಲೆ ಹೊರಗಿಟ್ಟು ಕರಗಿಸಿದ್ರೆ ಒಗರು ಬಹಳಷ್ಟು ಇಳಿದಿರುತ್ತೆ, ಹಣ್ಣೂ ಮೆತ್ತಗಾಗಿರುತ್ತೆ. ಬಣ್ಣ ಚೆನ್ನಾಗಿ ಬಂದಿರೋ ಹಣ್ಣಿಗೆ ಇದು ಕೆಲಸ ಮಾಡುತ್ತೆ, ಇನ್ನೂ ಹಸಿರು ಛಾಯೆ ಇರೋ ಕಾಯಿಗೆ ಮಾಡಿದ್ರೆ ಒಗರು ಹೋದ್ರೂ ಸಿಹಿ ಬರಲ್ಲ, ಸಪ್ಪೆ ಲೋಳೆ ಥರ ಇರುತ್ತೆ.

ಮೂರನೇದು ಬಿಸಿನೀರು, ಇದಕ್ಕೆ ತಾಳ್ಮೆ ಬೇಕು. ಸುಮಾರು 40 ಡಿಗ್ರಿ ಬಿಸಿ ಇರೋ ನೀರಲ್ಲಿ ಹಣ್ಣು ಪೂರ್ತಿ ಮುಳುಗಿಸಿ ಒಂದು ರಾತ್ರಿಯಿಂದ ಒಂದು ದಿನದವರೆಗೂ ಅದೇ ಬಿಸಿಯಲ್ಲಿ ಇಡ್ಬೇಕು. ಹಣ್ಣು ಗಟ್ಟಿಯಾಗೇ ಉಳಿದು ಒಗರು ಮಾತ್ರ ಹೋಗೋದು ಇದರ ಲಾಭ. ನೀರು ಜಾಸ್ತಿ ಬಿಸಿ ಆದ್ರೆ ಸಿಪ್ಪೆ ಒಡೆದು ಹಣ್ಣು ಬೆಂದಂಗಾಗುತ್ತೆ, ತಣ್ಣಗಾದ್ರೆ ಏನೂ ಆಗಲ್ಲ, ಒಳ್ಳೇ ಥರ್ಮಾಸ್ ಡಬ್ಬ ಇಲ್ಲದೆ ನಾನಂತೂ ಮತ್ತೆ ಪ್ರಯತ್ನ ಮಾಡಲ್ಲ. ತೊಟ್ಟಿಗೆ ಸ್ಟ್ರಾಂಗ್ ಮದ್ಯ ಸವರಿ ಕವರಲ್ಲಿ ಗಾಳಿ ಹೋಗದ ಹಾಗೆ ಕಟ್ಟಿ ಒಂದು ವಾರ ಇಡೋ ಪದ್ಧತೀನೂ ಇದೆ, ಹಿಂದಿನ ಲೆಕ್ಕ ಅದೇ, ಅಸಿಟಾಲ್ಡಿಹೈಡ್.

ಇನ್ನು ಒಣಗಿಸೋದು. ಜಪಾನಲ್ಲಿ ಹೋಶಿಗಾಕಿ ಅಂತ ಮಾಡ್ತಾರೆ, ಒಗರಿನ ಹಣ್ಣನ್ನೇ ಸಿಪ್ಪೆ ತೆಗೆದು ದಾರಕ್ಕೆ ಕಟ್ಟಿ ಗಾಳಿಗೆ ನೇತುಹಾಕಿ ನಡುನಡುವೆ ಕೈಯಲ್ಲಿ ಮೆಲ್ಲಗೆ ಹಿಚುಕ್ತಾ ನಾಲ್ಕರಿಂದ ಆರು ವಾರ ಬಿಡ್ತಾರೆ. ಮೇಲೆ ಬಿಳಿ ಪುಡಿ ಕಟ್ಟುತ್ತೆ, ಬೂಷ್ಟು ಅಲ್ಲ ಅದು, ಹಣ್ಣಿನದೇ ಸಕ್ಕರೆ. ಹಸಿರು ಅಥವಾ ಕಪ್ಪಾಗಿ ರೋಮದ ಥರ ಬಂದಿದ್ರೆ ಮಾತ್ರ ಬೂಷ್ಟು, ಬಿಸಾಕಿ. ಗಾಳಿಯಲ್ಲಿ ತೇವ ಜಾಸ್ತಿ ಇರೋ ಕಡೆ ಬೂಷ್ಟೇ ಗೆಲ್ಲೋದು, ಹಂಗಾಗಿ ಅಂಥ ಕಡೆ ಬಿಲ್ಲೆ ಬಿಲ್ಲೆ ಹೆಚ್ಚಿ ಡೀಹೈಡ್ರೇಟರಲ್ಲಿ 55ರಿಂದ 60 ಡಿಗ್ರಿಯಲ್ಲಿ ಚರ್ಮದ ಹಾಗೆ ಬಗ್ಗೋವರೆಗೂ ಒಣಗಿಸೋದೇ ವಾಸಿ.

ಒಂದು ಎಚ್ಚರಿಕೆ, ಒಗರು ತೆಗೆದ ಗಟ್ಟಿ ಹಣ್ಣನ್ನ ಬೇಯಿಸಿದ್ರೆ ಕೆಲವು ಸಲ ಒಗರು ವಾಪಸ್ ಬರುತ್ತೆ, ಬಿಸಿಗೆ ಟ್ಯಾನಿನ್ ಮತ್ತೆ ಕರಗೋ ರೂಪಕ್ಕೆ ಹೋಗುತ್ತೆ. ಜಾಮ್ ಮಾಡೋಕೆ ಹೋಗಿ ಇಡೀ ಪಾತ್ರೆ ಹಾಳು ಮಾಡ್ಕೊಳ್ಳೋರು ಇದಕ್ಕೇ. ಬೇಯಿಸೋದಿದ್ರೆ ಫುಯು ತಗೊಳ್ಳಿ.

ಪೌಷ್ಟಿಕಾಂಶ, ಉತ್ಪ್ರೇಕ್ಷೆ ಇಲ್ಲದೆ

ಮಧ್ಯಮ ಗಾತ್ರದ ಒಂದು ಹಣ್ಣು, ಅಂದ್ರೆ ಸುಮಾರು 168 ಗ್ರಾಂ, ಅದರಲ್ಲಿ 118 ಕ್ಯಾಲೊರಿ, 31 ಗ್ರಾಂ ಕಾರ್ಬೋಹೈಡ್ರೇಟ್, ಅದರೊಳಗೆ ಸಕ್ಕರೆ 21 ಗ್ರಾಂ, ನಾರು 6 ಗ್ರಾಂ. ಪ್ರೋಟೀನು, ಕೊಬ್ಬು ಲೆಕ್ಕಕ್ಕಿಲ್ಲ.

ಇದರಲ್ಲಿ ನನಗೆ ನಿಜವಾಗ್ಲೂ ದೊಡ್ಡದು ಅನ್ನಿಸೋದು ನಾರು. ದೊಡ್ಡೋರಿಗೆ ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು ಅಂತಾರೆ, ಒಂದು ಹಣ್ಣಲ್ಲೇ ಅದರ ಐದನೇ ಒಂದು ಭಾಗ ಬಂತು. ಕಳಿತ ಹಣ್ಣು ಮಲಬದ್ಧತೆ ಇರೋರಿಗೆ ಒಳ್ಳೇದು, ಆದ್ರೆ ತಮಾಷೆ ಏನಂದ್ರೆ ಅದೇ ಹಣ್ಣು ಒಗರಿದ್ದಾಗ ತಿಂದ್ರೆ ಉಲ್ಟಾ ಮಲಬದ್ಧತೆ ಮಾಡುತ್ತೆ, ಟ್ಯಾನಿನ್ ಕೆಲಸಾನೇ ಅದು. ಹಣ್ಣು ಒಂದೇ, ಒಂದು ವಾರದ ಅಂತರ, ಪರಿಣಾಮ ಪೂರ್ತಿ ತಿರುಗಾಮುರುಗಾ.

ಆಮೇಲೆ ಆ ಕಿತ್ತಳೆ ಬಣ್ಣ. ಅದು ಕ್ಯಾರೊಟಿನಾಯ್ಡ್‌ಗಳದ್ದು, ಮುಖ್ಯವಾಗಿ ಬೀಟಾ ಕ್ರಿಪ್ಟೋಕ್ಸಾಂಥಿನ್, ಜೊತೆಗೆ ಬೀಟಾ ಕ್ಯಾರೊಟಿನ್, ಲ್ಯೂಟಿನ್, ಜಿಯಾಕ್ಸಾಂಥಿನ್. ಮೊದಲಿನ ಎರಡನ್ನ ದೇಹ ವಿಟಮಿನ್ ಎ ಮಾಡ್ಕೊಳ್ಳುತ್ತೆ, ಕೊನೇ ಎರಡು ಕಣ್ಣಿನ ರೆಟಿನಾದ ನಡುಭಾಗದಲ್ಲಿ ಶೇಖರ ಆಗೋವು. ಇಲ್ಲಿ ಒಂದು ಮಾತು ಹೇಳ್ಲೇಬೇಕು, ಒಂದು ಪರ್ಸಿಮನ್‌ನಲ್ಲಿ ದಿನಕ್ಕೆ ಬೇಕಾದ ವಿಟಮಿನ್ ಎ ಶೇಕಡ 55 ಸಿಗುತ್ತೆ ಅಂತ ಎಲ್ಲಾ ಕಡೆ ಬರೆದಿರ್ತಾರೆ. ಅದು ಹಳೇ ಲೆಕ್ಕ. ಗಿಡಗಳಿಂದ ಬರೋ ಕ್ಯಾರೊಟಿನಾಯ್ಡ್ ಅಷ್ಟೊಂದು ವಿಟಮಿನ್ ಎ ಆಗಲ್ಲ ಅಂತ ಗೊತ್ತಾದ್ಮೇಲೆ ಅಳತೇನೇ ಬದಲಾಯ್ತು, ಅಮೆರಿಕದ ಲೇಬಲ್ ನಿಯಮಾನೂ 2016ರಲ್ಲಿ ಬದಲಾಯ್ತು. ಹೊಸ ಲೆಕ್ಕದಲ್ಲಿ ಅದೇ ಹಣ್ಣಲ್ಲಿ ಸುಮಾರು 136 ಮೈಕ್ರೋಗ್ರಾಂ, ಅಂದ್ರೆ ದಿನದ 900 ಮೈಕ್ರೋಗ್ರಾಂಗೆ ಶೇಕಡ 15. ಒಂದು ಹಣ್ಣಿಗೆ 15 ಏನೂ ಕಮ್ಮಿ ಅಲ್ಲ, ಆದ್ರೆ 55 ಅಲ್ಲ. ಇದು ಮೈಗೆ ಹತ್ತಬೇಕಂದ್ರೆ ಜೊತೆಗೆ ಸ್ವಲ್ಪ ಕೊಬ್ಬು ಬೇಕು, ನಾಲ್ಕು ಬಾದಾಮಿನೋ ಒಂದಿಷ್ಟು ಮೊಸರೋ ಇದ್ರೆ ಸಾಕು.

ವಿಟಮಿನ್ ಸಿ ವಿಷಯದಲ್ಲಿ ಇನ್ನೂ ಗಮ್ಮತ್ತು. ಅಮೆರಿಕದ ಆಹಾರ ಪಟ್ಟಿಯಲ್ಲಿ ಕಾಕಿ ಹಣ್ಣಿಗೆ 100 ಗ್ರಾಂಗೆ 7.5 ಮಿಲಿಗ್ರಾಂ ಅಂತಿದೆ, ಜಪಾನಿನ ಪಟ್ಟಿಯಲ್ಲಿ ಒಗರಿಲ್ಲದ ಹಣ್ಣಿಗೆ 70 ಅಂತಿದೆ, ಅಂದ್ರೆ ಒಂಬತ್ತು ಪಟ್ಟು ದಾಟುತ್ತೆ. ಹಂಗಾಗಿ ಯಾರಾದ್ರೂ ಸಿ ಬಗ್ಗೆ ಒಂದೇ ನಂಬರ್ ಹಿಡ್ಕೊಂಡು ಜೋರಾಗಿ ಮಾತಾಡಿದ್ರೆ ಯಾವ ಪಟ್ಟಿ ನೋಡಿದ್ದು ಅಂತ ಕೇಳಿ. ಒಣಗಿಸಿದ ಹಣ್ಣಲ್ಲಂತೂ ಸಿ ನಂಬ್ಕೋಬೇಡಿ.

ಪೊಟ್ಯಾಸಿಯಂ ಬಿಪಿಗೆ ಒಳ್ಳೇದು ಅಂತ ಹೊಗಳ್ತಾರೆ, 100 ಗ್ರಾಂಗೆ 161 ಮಿಲಿಗ್ರಾಂ ಇದೆ, ಬಾಳೆಹಣ್ಣಲ್ಲಿ 358. ಸುಮಾರಾಗಿದೆ ಅನ್ನಬಹುದು ಅಷ್ಟೇ. ಮ್ಯಾಂಗನೀಸ್ ಮಾತ್ರ ಚೆನ್ನಾಗಿದೆ, 0.36 ಮಿಲಿಗ್ರಾಂ ಹತ್ರ.

ಕೊಲೆಸ್ಟ್ರಾಲ್ ಇಳಿಸುತ್ತೆ ಅನ್ನೋದಕ್ಕೆ ಮನುಷ್ಯರ ಮೇಲೆ ಅಧ್ಯಯನ ಆಗಿದೆ ನಿಜ, ಆದ್ರೆ ಅದರಲ್ಲಿ ಕೊಟ್ಟಿದ್ದು ಟ್ಯಾನಿನ್ ಜಾಸ್ತಿ ಇರೋ ಪರ್ಸಿಮನ್ ನಾರನ್ನ ಬಿಸ್ಕೆಟ್ ಥರ ಮಾಡಿ, ದಿನಾ ಮೂರು ಹೊತ್ತು, 12 ವಾರ. ಟ್ಯಾನಿನ್ ಕರುಳಲ್ಲಿ ಪಿತ್ತರಸಕ್ಕೆ ಅಂಟ್ಕೊಂಡು ಹೊರಗೆ ಹೋಗುತ್ತೆ, ಲಿವರ್ ಹೊಸ ಪಿತ್ತರಸ ಮಾಡೋಕೆ ಕೊಲೆಸ್ಟ್ರಾಲ್ ಬಳಸುತ್ತೆ, ಅದು ಹಿಂದಿನ ಯೋಚನೆ. ವಾರಕ್ಕೆರಡು ಹಣ್ಣು ತಿಂದು ಅದೇ ಫಲ ಬರುತ್ತೆ ಅಂತ ಮಾತ್ರೆ ನಿಲ್ಲಿಸ್ಬೇಡಿ ದಯವಿಟ್ಟು. ಕ್ಯಾನ್ಸರ್ ತಡೆಯುತ್ತೆ ಅನ್ನೋ ಮಾತುಗಳಲ್ಲಿ ಬಹುತೇಕ ಲ್ಯಾಬಿನ ಗಾಜಿನ ತಟ್ಟೆಯಲ್ಲಿ ನಡೆದಿದ್ದು, ಅದನ್ನ ನಿಮ್ಮ ಊಟದ ತಟ್ಟೆಗೆ ತರೋಕಾಗಲ್ಲ.

ಎಷ್ಟು, ಯಾವಾಗ, ಯಾರಿಗೆ ಬೇಡ

ಆರೋಗ್ಯವಾಗಿರೋರಿಗೆ ದಿನಕ್ಕೆ ಒಂದು ಸಾಕು. ಊಟ ಆದ್ಮೇಲೋ ಸಂಜೆ ಏನಾದ್ರೂ ತಿಂದ ಮೇಲೋ ತಿನ್ನಿ, ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ ಮೂರು ನಾಲ್ಕು ತಿನ್ನೋದು ಬೇಡ್ವೇ ಬೇಡ, ಯಾಕಂದ್ರೆ ಇದು ಬರೀ ಅಜ್ಜಿ ಮಾತಲ್ಲ. ಕರಗೋ ಟ್ಯಾನಿನ್ ಹೊಟ್ಟೆಯ ಆಸಿಡ್ ಜೊತೆ ಸೇರಿ ಗಂಟು ಕಟ್ಟುತ್ತೆ, ಅದಕ್ಕೆ ನಾರು ಅಂಟ್ಕೊಂಡು ಕಲ್ಲಿನಂಥ ಉಂಡೆ ಆಗ್ಬಹುದು, ಡಾಕ್ಟರುಗಳು ಇದಕ್ಕೆ ಡಯೋಸ್ಪೈರೋಬೆಜೋರ್ ಅಂತ ಬೇರೆ ಹೆಸರೇ ಇಟ್ಟಿದ್ದಾರೆ, ಹಣ್ಣು ತರಕಾರಿಯಿಂದ ಆಗೋ ಹೊಟ್ಟೆ ಉಂಡೆಗಳಲ್ಲೇ ಇದು ತೀರಾ ಗಟ್ಟಿ. ಎಲ್ರಿಗೂ ಆಗಲ್ಲ, ಅಪರೂಪ. ಆದ್ರೆ ಹಿಂದೆ ಹೊಟ್ಟೆಯ ಆಪರೇಷನ್ ಆಗಿರೋರು, ಬಹಳ ವರ್ಷದ ಶುಗರಿಂದ ಹೊಟ್ಟೆ ನಿಧಾನವಾಗಿ ಖಾಲಿ ಆಗೋರು, ಹಲ್ಲಿಲ್ಲದೆ ಸರಿಯಾಗಿ ಅಗಿಯೋಕಾಗದ ಹಿರಿಯರು, ಇವರು ಒಗರಿರೋ ಹಣ್ಣನ್ನ ಪೂರ್ತಿ ಬಿಡ್ಬೇಕು, ಕಳಿತದ್ದನ್ನೂ ಸಿಪ್ಪೆ ತೆಗೆದು ಡಾಕ್ಟರ್ ಕೇಳಿ ತಿನ್ಬೇಕು. ಸಿಪ್ಪೆಯಲ್ಲಿ ಟ್ಯಾನಿನ್ ಜಾಸ್ತಿ. ಜಾಸ್ತಿ ತಿಂದ ಮೇಲೆ ಹೊಟ್ಟೆಯ ಮೇಲ್ಭಾಗ ನೋವು, ವಾಂತಿ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ ಅನ್ನಿಸೋದು ದಿನಗಟ್ಟಲೆ ಇದ್ರೆ ಆಸ್ಪತ್ರೆಗೆ ಹೋಗಿ, ಪರ್ಸಿಮನ್ ತಿಂದಿದ್ದೆ ಅಂತ ಬಾಯಿಬಿಟ್ಟು ಹೇಳಿ. ಕೋಕಾ ಕೋಲಾ ಕುಡಿಸಿ ಉಂಡೆ ಕರಗಿಸ್ತಾರೆ ಅಂತ ಓದಿರ್ಬಹುದು, ಹೌದು ಆಸ್ಪತ್ರೆಗಳಲ್ಲಿ ಮಾಡ್ತಾರೆ, ಆದ್ರೆ ಅರ್ಧ ಕರಗಿದ ಚೂರು ಕೆಳಗೆ ಜಾರಿ ಕರುಳಲ್ಲಿ ಸಿಕ್ಕಾಕ್ಕೊಂಡಿರೋ ಉದಾಹರಣೆಗಳಿವೆ, ಮನೆಯಲ್ಲಿ ಆ ಪ್ರಯೋಗ ಬೇಡ.

ಶುಗರ್ ಇರೋರು ಪೂರ್ತಿ ಬಿಡ್ಬೇಕಂತಿಲ್ಲ. ಒಂದು ಹಣ್ಣಿನ 31 ಗ್ರಾಂ ಕಾರ್ಬ್ಸ್ ಅಂದ್ರೆ 15 ಗ್ರಾಂ ಲೆಕ್ಕದಲ್ಲಿ ಎರಡು ಪಾಲು ಆಯ್ತು, ಅರ್ಧ ಹಣ್ಣು ಊಟದ ಲೆಕ್ಕದೊಳಗೇ ಸೇರಿಸ್ಕೊಂಡು ತಿನ್ನಿ, ಗಟ್ಟಿ ಫುಯು ಆದ್ರೆ ಅಗಿದು ನಿಧಾನಕ್ಕೆ ತಿಂತೀರ ಅದು ವಾಸಿ. ಒಣಗಿಸಿದ್ದು ಬೇರೆ ಲೆಕ್ಕ, 100 ಗ್ರಾಂಗೆ 274 ಕ್ಯಾಲೊರಿ, 73 ಗ್ರಾಂ ಕಾರ್ಬ್ಸ್, ನೋಡೋಕೆ ಚಿಕ್ಕದು ಅಂತ ನಾಲ್ಕು ಬಾಯಿಗೆ ಹಾಕ್ಕೊಂಡ್ರೆ ಗೊತ್ತೇ ಆಗಲ್ಲ. ಪೊಟ್ಯಾಸಿಯಂ ಕೂಡ ಒಣಗಿದ್ರಲ್ಲಿ 802 ಮಿಲಿಗ್ರಾಂ ಆಗುತ್ತೆ, ಕಿಡ್ನಿ ತೊಂದ್ರೆ ಇರೋರು ಅದನ್ನ ನೆನಪಿಟ್ಕೊಳ್ಳಿ.

ಕಬ್ಬಿಣದ ಮಾತ್ರೆ ತಗೊಳ್ಳೋರು ಮಾತ್ರೆಗೂ ಹಣ್ಣಿಗೂ ಎರಡು ಗಂಟೆ ಅಂತರ ಬಿಡಿ, ಟ್ಯಾನಿನ್ ಕಬ್ಬಿಣವನ್ನ ಹಿಡ್ಕೊಂಡುಬಿಡುತ್ತೆ, ಚಹಾ ಬೇಡ ಅನ್ನೋದು ಯಾಕೋ ಇದೂ ಅದಕ್ಕೇ. ಪುಟ್ಟ ಮಕ್ಕಳಿಗೆ ಗಟ್ಟಿ ಹೋಳು ಕೊಡ್ಬೇಡಿ, ಗಂಟಲಲ್ಲಿ ಸಿಕ್ಕೊಳ್ಳುತ್ತೆ, ಕಳಿತ ತಿರುಳು ಕೊಡಿ.

ತಿನ್ನೋದು, ಇಡೋದು

ಫುಯು ಆದ್ರೆ ತೊಳೆದು ತೊಟ್ಟಿನ ಎಲೆ ಕೊಯ್ದು ತೆಗೆದು ಅಡ್ಡಕ್ಕೆ ಹೆಚ್ಚಿ, ಒಳಗೆ ನಕ್ಷತ್ರದ ಗುರುತು ಕಾಣುತ್ತೆ, ಚೆಂದ. ಸಿಪ್ಪೆ ತಿನ್ಬಹುದು. ಹಚಿಯಾ ಆದ್ರೆ ಮೇಲ್ಭಾಗ ಕೊಯ್ದು ಚಮಚದಲ್ಲಿ ಎತ್ತಿ ತಿನ್ನಿ, ಬೇರೆ ದಾರಿ ಇಲ್ಲ, ಕೈಯಲ್ಲಿ ಹಿಡಿದ್ರೆ ಮೊಣಕೈವರೆಗೂ ಇಳಿಯುತ್ತೆ.

ಫುಯುವನ್ನ ಫ್ರಿಜ್ಜಲ್ಲಿಟ್ರೆ ಬಹಳ ದಿನ ಬರುತ್ತೆ ಅನ್ನೋದು ತಪ್ಪು ಲೆಕ್ಕ. 5ರಿಂದ 15 ಡಿಗ್ರಿ ಈ ಜಾತಿಗೆ ಆಗಿಬರಲ್ಲ, ತಿರುಳು ಜೆಲ್ಲಿ ಥರ ಆಗಿ ಕಂದಾಗುತ್ತೆ, ಗೋದಾಮುಗಳಲ್ಲಿ ಸೊನ್ನೆ ಡಿಗ್ರಿ ಹತ್ರ ಇಡ್ತಾರೆ, ಮನೆ ಫ್ರಿಜ್ಜು ಅಷ್ಟು ತಣ್ಣಗಿರಲ್ಲ. ಹೊರಗಿಟ್ಟು ನಾಲ್ಕೈದು ದಿನದಲ್ಲಿ ಮುಗಿಸಿ, ಬಾಳೆಹಣ್ಣು ಸೇಬಿನಿಂದ ದೂರ ಇಡಿ. ಇನ್ನೊಂದು ಕಿವಿಮಾತು, ಹಣ್ಣು ಉಸಿರಾಡೋದು ತೊಟ್ಟಿನ ಮೂಲಕ, ಒದ್ದೆ ಟಿಶ್ಯೂ ಅಲ್ಲಿಗೆ ಒತ್ತಿ ತೊಟ್ಟು ಕೆಳಗೆ ಬರೋ ಹಾಗೆ ಇಟ್ರೆ ಮೆತ್ತಗಾಗೋದು ನಿಧಾನ ಆಗುತ್ತೆ.

ಮೆತ್ತಗಾಗಿಹೋದದ್ದಕ್ಕೆ ನನ್ನ ಖಾಯಂ ಉಪಾಯ ಒಂದಿದೆ. ಚೆನ್ನಾಗಿ ಕಳಿತ, ಒಗರು ಸ್ವಲ್ಪಾನೂ ಇಲ್ಲದ ತಿರುಳು 200 ಗ್ರಾಂ, ತಣ್ಣನೆ ಹಾಲು 100 ಎಂಎಲ್, ಎರಡನ್ನೂ ಮಿಕ್ಸಿಗೆ ಹಾಕಿ ಒಂದು ಸುತ್ತು ತಿರುಗಿಸಿ ಬಟ್ಟಲಿಗೆ ಸುರಿದು ಫ್ರಿಜ್ಜಲ್ಲಿ ಎರಡು ಗಂಟೆ ಇಡಿ. ಸಕ್ಕರೆ ಬೇಡ, ಜೆಲಾಟಿನ್ ಬೇಡ, ಒಲೆ ಹಚ್ಚೋದೂ ಬೇಡ, ಹಣ್ಣಲ್ಲಿರೋ ಪೆಕ್ಟಿನ್ ಅನ್ನೋ ನಾರೂ ಹಾಲಿನ ಕ್ಯಾಲ್ಸಿಯಮ್ಮೂ ಸೇರಿ ತಾನಾಗೇ ಪುಡ್ಡಿಂಗ್ ಥರ ಗಟ್ಟಿ ಆಗುತ್ತೆ. ಗಟ್ಟಿ ಆಗ್ಲಿಲ್ಲ ಅಂದ್ರೆ ಹಾಲು ಜಾಸ್ತಿ ಆಗಿದೆ ಅಂತ ಅರ್ಥ, ಲೋಟಕ್ಕೆ ಹಾಕ್ಕೊಂಡು ಹಾಗೇ ಕುಡಿದ್ಬಿಡಿ.